ನೂರ ಎಪ್ಪತ್ತೆಂಟು ಎಸೆತ

ಜನವರಿ 2, ಗುರುವಾರ

ಮತ್ತೆ ಶಾರ್ಜಾದ ಅದೇ ಹೋಟೆಲು, ಅದೇ ಮೊದಲ ಮಹಡಿಯ ಸಭಾಕೊಠಡಿ. ಕುರ್ಚಿಗಳನ್ನು ಗೋಡೆಗೆ ಒತ್ತಿ ಎರಡು ಉದ್ದ ಮೇಜು ಹಾಕಿದರೆ ನನ್ನ ಚಿಕಿತ್ಸಾಲಯ ಸಿದ್ಧ. ಐಸ್ ಯಂತ್ರ ಕಳೆದ ವರ್ಷದ ಹಾಗೆಯೇ ಗುರುಗುಟ್ಟುತ್ತದೆ, ಐಸ್ ಮಾತ್ರ ಕೊಡುವುದಿಲ್ಲ.

ಹದಿನೆಂಟು ಆಟಗಾರರು. ಎಂಟನೇ ತಾರೀಕು ಕ್ರಿಕೆಟ್ ಲೀಗ್ ಶುರು, ಇಪ್ಪತ್ತೈದಕ್ಕೆ ಸೆಮಿಫೈನಲ್. ಹದಿನೈದೇ ದಿನದಲ್ಲಿ ಏಳು ಪಂದ್ಯ. ಈ ವೇಳಾಪಟ್ಟಿ ಮಾಡಿದ ಮಹಾಶಯನ ಬೆನ್ನಿಗೆ ಸಿಮೆಂಟ್ ಮೂಟೆ ಕಟ್ಟಿ ಖೋರ್ ಹಿನ್ನೀರಿನ ದಂಡೆಯ ಸುತ್ತ ಓಡಿಸಬೇಕು, ಆಗ ತಿಳಿದೀತು.

ನಬೀಲ್ ಬಂದಿದ್ದ. ಬೈರೂತಿನವನು, ತಂಡದ ವ್ಯವಸ್ಥಾಪಕ, ಇಸ್ತ್ರಿ ಮಾಡಿದ ಮನುಷ್ಯ.

"ದೊಕ್ತೋರಾ, ಈ ಸಲ ಯಾರೂ ಮುರೀಬಾರ್ದು. ಮಾಲೀಕರು ಹೇಳಿದಾರೆ."

"ಮೂಳೆಗಳಿಗೂ ಹೇಳಿದಾರಾ? ಮತ್ತೆ, ನಾನು ಡಾಕ್ಟರಲ್ಲ, ಫಿಸಿಯೋ. ಆರು ವರ್ಷದಿಂದ ಹೇಳ್ತಿದೀನಿ."

ದಿನಾ ಬೆಳಿಗ್ಗೆ ಪ್ರತಿ ಆಟಗಾರನೂ ನಾಲ್ಕು ಪ್ರಶ್ನೆಗೆ ಉತ್ತರಿಸಬೇಕು. ನಿದ್ದೆ ಎಷ್ಟು, ನೋವು ಎಲ್ಲಿ, ಹತ್ತಕ್ಕೆ ಎಷ್ಟು, ತಂಡದ ಅಭ್ಯಾಸದ ಹೊರಗೆ ಎಷ್ಟು ಎಸೆತ ಹಾಕಿದೆ. ಅರ್ಧ ಉತ್ತರ ಸುಳ್ಳು ಎಂದು ಗೊತ್ತಿದ್ದೂ ನಾನು ಬರೆದುಕೊಳ್ಳುತ್ತೇನೆ. ಅವರ ಸುಳ್ಳು ಅವರದು. ನನ್ನ ಕೈ ಸುಳ್ಳು ಬರೆಯಬಾರದು, ಅಷ್ಟೆ.

1997ರಲ್ಲಿ ಮುನೀಬ್ ಲಾಸಿ ಎಂಬ ವೇಗಿಯ ಬೆನ್ನಿಗೆ ನಾಲ್ಕು ಪಂದ್ಯಕ್ಕೆ ನೋವು ಮರೆಸುವ ನಾಲ್ಕು ಸೂಜಿ ಚುಚ್ಚಿ ಆಡಿಸಿದರು. ನಾಲ್ಕು ಸಲವೂ ಹಾಳೆಯಲ್ಲಿ 'ದೂರಿಲ್ಲ' ಎಂದೇ ಬರೆಸಿತು ವೈದ್ಯರ ಬಾಯಿ. ಟೈಪ್ ಮಾಡಿದ ಬೆರಳುಗಳು ನನ್ನವು. ನನಗಾಗ ಇಪ್ಪತ್ತೊಂಬತ್ತು. ಮುನೀಬ್ ಇವತ್ತಿಗೂ ಕೂತಲ್ಲಿಂದ ಏಳಲು ಎರಡು ಕೈ ಊರಬೇಕು. ಅವತ್ತು ಆಡಿಸಿದವರ ಹೆಸರಲ್ಲಿ ಈಗ ಗೆದ್ದವರಿಗೆ ಕೊಡುವ ಕಪ್‌ಗಳಿವೆ.

ಜನವರಿ 4, ಶನಿವಾರ

ಹೊಸ ಹುಡುಗನ ನಡಿಗೆ ಸರಿ ಇಲ್ಲ.

ಸಬಾವೂನ್, ಪಾಕಿಸ್ತಾನದ ಬನ್ನೂ ಕಡೆಯ ಪಠಾಣ, ಇಪ್ಪತ್ತು ವರ್ಷ. ಎಸೆದರೆ ಗಂಟೆಗೆ ನೂರ ನಲವತ್ತೈದು ಕಿಲೋಮೀಟರ್ ವೇಗ. ಹದಿನೇಳನೇ ವಯಸ್ಸಿಗೆ ಇಲ್ಲಿಗೆ ಬಂದು ಟೈರ್ ಗೋದಾಮಿನಲ್ಲಿ ಕೆಲಸ ಮಾಡುತ್ತಿದ್ದನಂತೆ, ಅಲ್ಲಿಂದ ಯಾರೋ ಹೆಕ್ಕಿ ತಂದರು. ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಎಡಗೈ ಕಂಬಿ ಹಿಡಿದಿತ್ತು. ಕಂಬಿ ಹಿಡಿಯುವ ವಯಸ್ಸು ನನ್ನದು, ಅವನದಲ್ಲ.

"ನೋವಿದೆಯೇನೋ?"

"ಖೈರ್ ದೇ, ಆಪಾ." ಪರವಾಗಿಲ್ಲ ಅನ್ನುವಂಥ ಪಷ್ತೋ ಮಾತು; ಆಪಾ ಅಂದರೆ ಅಕ್ಕ.

"ಹತ್ತಕ್ಕೆ ಎಷ್ಟು?"

"ಖೈರ್ ದೇ."

"ಖೈರ್ ದೇ ಅನ್ನೋ ಅಂಕಿ ನನ್ನ ಹಾಳೇಲಿಲ್ಲ."

ನಕ್ಕ. "ಸೊನ್ನೆ ಹಾಕಿ."

ಸೊನ್ನೆ ಹಾಕಿದೆ. ಹೊರಗಿನ ಎಸೆತ? ಸೊನ್ನೆ. ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. ಸುಳ್ಳು ಹೇಳುವವರು ನನಗೆ ಗೊತ್ತು, ಇವನು ಹೇಳುತ್ತಿರಲಿಲ್ಲ. ಅದೇ ಚಿಂತೆ.

ಜನವರಿ 7, ಮಂಗಳವಾರ

ಹೆನ್ನಿಯ ಜೊತೆ ಜಗಳ. ಅವನು ಕಸರತ್ತಿನ ತರಬೇತುದಾರ, ದಕ್ಷಿಣ ಆಫ್ರಿಕಾದವನು, ಕತ್ತು ಮತ್ತು ತಲೆ ಒಂದೇ ಅಗಲ. ಹುಡುಗರ ಅಂಗಿಯೊಳಗೆ ಅವನೊಂದು ಪಟ್ಟಿ ಕಟ್ಟುತ್ತಾನೆ. ಎಷ್ಟು ಓಡಿದರು, ಎಷ್ಟು ಎಸೆದರು ಎಲ್ಲ ಅದರಿಂದ ಅವನ ಪರದೆಗೆ ಬರುತ್ತದೆ. ಈ ವಾರದ ಎಸೆತ ಹಿಂದಿನ ನಾಲ್ಕು ವಾರದ ಸರಾಸರಿಯ ಒಂದೂವರೆ ಪಟ್ಟು ದಾಟಿದರೆ ಹೆಸರು ಕೆಂಪಾಗುತ್ತದೆ. ಕೆಂಪಾದವನಿಗೆ ವಿಶ್ರಾಂತಿ.

"ಸಬಾವೂನ್ ಹಸಿರು," ಅಂದ.

"ಅವನ ಬೆನ್ನು ಹಸಿರಾಗಿಲ್ಲ. ಶನಿವಾರ ಎಡಭಾಗದ ಕೆಳಗೆ ಕಲ್ಲಿನ ಹಾಗಿತ್ತು. ನಾನು ಮುಟ್ಟಿದೀನಿ."

"ನೀವು ಮುಟ್ಟಿದ್ದು ನಿಮ್ಮ ಬೆರಳಿಗೆ ಗೊತ್ತು ಮೇಡಂ. ನಬೀಲ್‌ಗೆ ಬೆರಳು ಕಳಿಸ್ತೀರಾ? ಅವರಿಗೆ ಹಾಳೆ ಬೇಕು."

ಒರಟ. ಆದರೆ ಮಾತು ಸುಳ್ಳಲ್ಲ. ಸ್ಕ್ಯಾನ್ ಮಾಡಿಸಲು ವಿಮೆಯವರಿಗೆ ಎರಡರಲ್ಲೊಂದು ಬೇಕು: ಆಟಗಾರನೇ ಬಾಯಿಬಿಟ್ಟು ನೋವು ಅನ್ನಬೇಕು, ಇಲ್ಲವೇ ಹೆಸರು ಕೆಂಪಾಗಿರಬೇಕು. ಹುಡುಗ ಸೊನ್ನೆ ಅನ್ನುತ್ತಾನೆ, ಪರದೆ ಹಸಿರು ಅನ್ನುತ್ತದೆ. ನನ್ನ ಹೆಬ್ಬೆರಳನ್ನು ಕೇಳುವವರಿಲ್ಲ.

ಜನವರಿ 11, ಶನಿವಾರ

ಮತ್ತೆ ಶನಿವಾರ. ಮತ್ತೆ ಕಂಬಿ.

ಹತ್ತು ದಿನದ ಹಾಳೆ ಹರವಿಕೊಂಡು ನೋಡಿದೆ. ಮಂಗಳವಾರದ ಹೊತ್ತಿಗೆ ಬೆನ್ನು ಸಡಿಲಾಗುತ್ತದೆ, ಗುರುವಾರ ಪರವಾಗಿಲ್ಲ, ಶನಿವಾರ ಬೆಳಿಗ್ಗೆ ಕಲ್ಲು. ಶುಕ್ರವಾರ ಅಭ್ಯಾಸವೇ ಇಲ್ಲ. ರಜೆಯ ಮರುದಿನ ಬೆನ್ನು ಕೆಡುವುದು ಹೇಗೆ?

ಅವನ ಓಟದ ಬೂಟು ಬಾಗಿಲಲ್ಲಿತ್ತು. ಅಟ್ಟೆಯ ಗೀರುಗಳಲ್ಲಿ ಬೂದಿಬಣ್ಣದ ಪುಡಿ. ನಮ್ಮ ಮೈದಾನದಲ್ಲಿ ಅಂಥ ಮಣ್ಣಿಲ್ಲ.

ಕೇಳಲಿಲ್ಲ. ಕೇಳಿದ್ದರೆ ಹಾಳೆಗೆ ಬರೆಯಬೇಕಿತ್ತು.

ಜನವರಿ 14, ಮಂಗಳವಾರ

ಮೂರು ವಿಕೆಟ್ ತೆಗೆದ. ಇಡೀ ಸ್ಟೇಡಿಯಂ ಎದ್ದು ಕುಣಿಯಿತು. ನಾನು ಅವನ ಎಡಪಾದ ನೆಲಕ್ಕೆ ಬೀಳುವುದನ್ನಷ್ಟೇ ನೋಡಿದೆ, ಇಪ್ಪತ್ತನಾಲ್ಕು ಸಲ. ಪ್ರತಿ ಸಲ ದೇಹದ ಏಳೆಂಟು ಪಟ್ಟು ಭಾರ ಆ ಕಾಲಿನ ಮೇಲೆ ಇಳಿದು ಬೆನ್ನಿಗೆ ಏರುತ್ತದೆ. ಎಳೆಯ ಮೂಳೆ ಅದನ್ನು ತಡೆದುಕೊಳ್ಳುತ್ತದೆ, ತಡೆದುಕೊಳ್ಳುತ್ತದೆ, ಆಮೇಲೆ ಒಂದು ದಿನ ಬಿರುಕು ಬಿಡುತ್ತದೆ. ಬಿರುಕು ಬಿಟ್ಟರೆ ಒಂದು ವರ್ಷ ಹೋಯಿತು. ಎರಡೂ ಕಡೆ ಬಿಟ್ಟರೆ ಟೈರ್ ಗೋದಾಮಿಗೂ ಅವನು ಬೇಡ.

ಪಂದ್ಯ ಮುಗಿದ ಮೇಲೆ ಒಂಟಿಕಾಲಲ್ಲಿ ನಿಲ್ಲಿಸಿ ಹಿಂದಕ್ಕೆ ಬಾಗಿಸಿದೆ. ಬಲಗಾಲು, ಸರಿ. ಎಡಗಾಲು, ಮುಖ ಬಿಗಿಯಿತು, ಕಣ್ಣು ಒದ್ದೆಯಾಯಿತು.

"ಸಬಾವೂನ್."

"ಬೆವರು ಆಪಾ, ಕಣ್ಣಿಗೆ ಹೋಯ್ತು."

ಕೋಣೆಯಲ್ಲಿ ಏಸಿ ಹದಿನೆಂಟರಲ್ಲಿತ್ತು.

ಜನವರಿ 17, ಶುಕ್ರವಾರ

ಬೆಳಿಗ್ಗೆ ಆರೂಕಾಲಿಗೆ ಹೋಟೆಲಿನ ಎದುರು ಕಾರಲ್ಲಿ ಕೂತಿದ್ದೆ. ನನ್ನ ವಯಸ್ಸಿನ ಹೆಂಗಸು ಪತ್ತೇದಾರಿ ಮಾಡುವುದು ಚಂದವಲ್ಲ, ಆದರೆ ಮೂರು ದಿನದಿಂದ ತುತ್ತು ಇಳಿದಿಲ್ಲ.

ಆರೂವರೆಗೆ ಒಂದು ಟ್ಯಾಕ್ಸಿ ಬಂತು. ಹುಡುಗ ಹೊಸ ಸಲ್ವಾರ್ ಕಮೀಜಿನಲ್ಲಿ ಹತ್ತಿದ, ಕೈಯಲ್ಲಿ ಓಟದ ಬೂಟು. ಹಿಂದೆಯೇ ಹೋದೆ. ಇಂಡಸ್ಟ್ರಿಯಲ್ ಏರಿಯಾದ ಗೋದಾಮುಗಳ ಹಿಂದೆ, ಲಾರಿ ನಿಲ್ಲುವ ಬಯಲು. ನಡುವೆ ಒರಟು ಸಿಮೆಂಟಿನ ಪಿಚ್ಚು, ಸುತ್ತ ಟೈರು ಜೋಡಿಸಿ ಗಡಿ. ಮುನ್ನೂರು ಜನ ಇದ್ದರು, ಎಲ್ಲ ಡ್ರೈವರುಗಳು, ಮೇಸ್ತ್ರಿಗಳು, ವಾರಕ್ಕೊಂದೇ ಬೆಳಗು ಸಿಗುವವರು. ಪಿಕಪ್ಪಿನ ಮೇಲೆ ನಿಂತ ಒಬ್ಬ ಮೈಕಿನಲ್ಲಿ ಚೀರುತ್ತಿದ್ದ: "ಬಂದಾ ನೋಡಿ ನಮ್ಮ ಸಾಹೇಬಾ! ಟೀವೀಲಿ ಬರೋನು! ಬ್ಯಾಟು ಹಿಡಿಯೋರು ಮನೆಗೆ ಫೋನ್ ಮಾಡಿ ಹೇಳ್ಕೊಳಿ!"

ಇಡೀ ಬಯಲಲ್ಲಿ ಹೆಂಗಸು ನಾನೊಬ್ಬಳೇ. ಯಾರೋ ಓಡಿ ಬಂದು ಕುರ್ಚಿ ಹಾಕಿದರು, ಇನ್ಯಾರೋ ಹಸಿರು ಚಹಾ ಕೊಟ್ಟರು. ಟ್ಯಾಕ್ಸಿಯವನು ಬಂದು ಎದೆಗೆ ಕೈಯಿಟ್ಟು ನಿಂತ. ಐವತ್ತರ ಮೇಲಿನ ವಯಸ್ಸು, ಮೆಹಂದಿ ಹಾಕಿದ ಗಡ್ಡ.

"ನೀವು ಆಪಾ ಅಲ್ವಾ? ಬೆನ್ನು ತಿಕ್ಕೋರು? ನಾನು ಝರ್ವಲೀ, ಅವನ ಮಾಮ. ನಿಮ್ಮ ಬಗ್ಗೆ ತುಂಬಾ ಹೇಳ್ತಾನೆ. ಬೈತೀರಂತೆ."

"ಇವತ್ತು ನಿಮಗೂ ಬೈತೀನಿ. ಇದೇನಿದು? ಅವನು ಹೊರಗೆ ಬೌಲಿಂಗ್ ಮಾಡಬಾರದು ಅಂತ ಗೊತ್ತಿಲ್ವಾ?"

ಅವನು ನಿಜಕ್ಕೂ ಗಾಬರಿಯಾದ. "ಎಲ್ಲಿ ಮಾಡ್ದ ಬೌಲಿಂಗು?"

"ಅಲ್ಲಿ! ಈಗ! ನಿಮ್ಮ ಕಣ್ಣೆದುರಿಗೆ!"

"ಅಯ್ಯೋ ಆಪಾ, ಅದು ಟೇಪ್ ಬಾಲು!" ಅಂತ ನಕ್ಕುಬಿಟ್ಟ. ಪಕ್ಕದವರೂ ನಕ್ಕರು. "ಟೆನಿಸ್ ಚೆಂಡಿಗೆ ಟೇಪ್ ಸುತ್ತಿರೋದು. ಎರಡು ಮೊಟ್ಟೆ ಭಾರ ಇಲ್ಲ. ಅದು ಬೌಲಿಂಗಾ? ಬೌಲಿಂಗು ಅಂದ್ರೆ ತೊಗಲಿನ ಚೆಂಡು. ಅದು ಕೆಲಸ. ಇದು ಶುಕ್ರವಾರ."

ನನ್ನ ತಲೆಗೆ ಹೊಡೆದಂತಾಯಿತು. ಹುಡುಗ ಸುಳ್ಳು ಹೇಳೇ ಇರಲಿಲ್ಲ. 'ಹೊರಗೆ ಎಷ್ಟು ಎಸೆತ' ಅಂದರೆ ಸೊನ್ನೆ ಅಂದ. ಅವನಿಗೂ ಇವರಿಗೂ ಅದು ಸೊನ್ನೆಯೇ. ಚೆಂಡು ಹಗುರ, ಆದ್ದರಿಂದ ಇನ್ನೂ ಜೋರಾಗಿ ಎಸೆಯುತ್ತಾನೆ. ಕಾಲು ಬೀಳುವುದು ಹುಲ್ಲಿನ ಮೇಲಲ್ಲ, ಸಿಮೆಂಟಿನ ಮೇಲೆ. ಚೆಂಡಿನ ತೂಕ ಬೆನ್ನಿಗೆ ಗೊತ್ತಾಗುವುದಿಲ್ಲ, ನೆಲ ಗೊತ್ತಾಗುತ್ತದೆ. ಇಷ್ಟನ್ನು ಹೇಳಿದೆ. ಝರ್ವಲೀಯ ನಗು ನಿಧಾನವಾಗಿ ಇಳಿಯಿತು.

"ಮೂರು ಶುಕ್ರವಾರ ಬಂದಿದಾನೆ," ಅಂದ. "ಬರಬೇಡ ಅಂದ್ರೂ ಬರ್ತಾನೆ. ಅವನ ಮೊದಲನೇ ಬೂಟು ಇವರೆಲ್ಲ ಸೇರಿ ಕೊಡಿಸಿದ್ದು. ಇವರಿಗೆ ಸ್ಟೇಡಿಯಂಗೆ ಬರಕ್ಕೆ ಎಲ್ಲಿ ಬಿಡುವು? ಅದಕ್ಕೇ ಅವನೇ ಬಂದು ಆಡಿ ತೋರಿಸ್ತಾನೆ."

"ಒಟ್ಟು ಎಷ್ಟು ಎಸೆತ?"

ಒಂದು ಕ್ಷಣವೂ ಯೋಚಿಸಲಿಲ್ಲ. "ಮೊದಲನೇ ವಾರ ಮೂರು ಆಟ, ಒಂಬತ್ತು ಓವರು. ಎರಡನೇ ವಾರ ಹತ್ತು ಓವರು. ಒಂದೂ ವೈಡಿಲ್ಲ." ಅವನ ಒಂದೊಂದು ಚೆಂಡೂ ಈ ಜನಕ್ಕೆ ನೆನಪಿದೆ. ಯಾವ ಪರದೆಯೂ ಬೇಕಿಲ್ಲ.

ಇವತ್ತಿನದನ್ನು ನಾನೇ ಎಣಿಸಿದೆ. ಹತ್ತು ಓವರು, ನಾಲ್ಕು ವೈಡು. ವೈಡನ್ನು ಅಂಪೈರ್ ಬಿಡಬಹುದು, ಬೆನ್ನು ಬಿಡುವುದಿಲ್ಲ. ಐವತ್ತನಾಲ್ಕು, ಅರವತ್ತು, ಅರವತ್ತನಾಲ್ಕು. ನೂರ ಎಪ್ಪತ್ತೆಂಟು.

ನಡುವೆ ಹೋಗಿ ನಿಲ್ಲಿಸಬಹುದಿತ್ತು. ಯಾಕೆ ನಿಲ್ಲಿಸಲಿಲ್ಲವೋ. ಮುನ್ನೂರು ಜನ ಅವನ ಹೆಸರು ಕೂಗುತ್ತಿದ್ದರು. ಕೊನೆಯ ವಿಕೆಟ್ ಬಿದ್ದಾಗ ಕೈ ತಟ್ಟಿದವರಲ್ಲಿ ನಾನೂ ಇದ್ದೆ ಅಂತ ಝರ್ವಲೀ ಹೇಳಿದ. ನನಗೆ ನೆನಪಿಲ್ಲ.

ಜನವರಿ 18, ಶನಿವಾರ

ಒಪ್ಪಂದದ ಪ್ರತಿ ತೆಗೆದು ಓದಿದೆ. ಹನ್ನೊಂದನೇ ಕಲಮು: ಅನುಮತಿಯಿಲ್ಲದೆ ಬೇರೆ ಯಾವುದೇ ಕ್ರಿಕೆಟ್ ಆಡಿದರೆ ಒಪ್ಪಂದ ರದ್ದು, ವಿಮೆ ರದ್ದು, ವೀಸಾ ರದ್ದು. 'ಯಾವುದೇ ಕ್ರಿಕೆಟ್'. ಇದನ್ನು ಬರೆದ ವಕೀಲ ಟೇಪ್ ಚೆಂಡನ್ನು ಬಿಡುವವನಲ್ಲ.

ಶುಕ್ರವಾರದ ಎಸೆತ ಬರೆದರೆ ಹುಡುಗ ಮನೆಗೆ. ಬರೆಯದಿದ್ದರೆ ಹಸಿರು, ಹಸಿರಾದರೆ ಸೆಮಿಫೈನಲ್, ಸೆಮಿಫೈನಲ್ ಆದರೆ ಮೂಳೆ.

ಹಾಳೆಯಲ್ಲಿ ಸೊನ್ನೆ ಬರೆದೆ. ಇವತ್ತಿನ ಮಟ್ಟಿಗೆ.

ಜನವರಿ 20, ಸೋಮವಾರ

ಬಾಗಿಲು ಹಾಕಿ ಹುಡುಗನನ್ನು ಕೂರಿಸಿದೆ. ಮಾಮ ಎಲ್ಲ ಹೇಳಿದ್ದನಂತೆ, ತಲೆ ಎತ್ತಲಿಲ್ಲ.

"ನೋಡು, ನೀನು ಒಂದೇ ಮಾತು ಹೇಳು. ನೋಯ್ತಿದೆ ಅಂತ. ಯಾಕೆ ಅಂತ ಯಾರೂ ಕೇಳದ ಹಾಗೆ ನಾನು ನೋಡ್ಕೋತೀನಿ. ನಾಳೆನೇ ಸ್ಕ್ಯಾನು."

"ಸೆಮಿಫೈನಲ್ ಮುಗೀಲಿ ಆಪಾ. ಆಮೇಲೆ ನೋಯತ್ತೆ."

"ಆಮೇಲೆ ನೋಯಕ್ಕೆ ಅದೇನು ನಿನ್ನ ಮಾತು ಕೇಳೋ ಕತ್ತೆನಾ?"

ನಗಿಸಲು ನೋಡಿದೆ. ನಗಲಿಲ್ಲ. "ಈಗ ಹೇಳಿದ್ರೆ ಏನಾಗತ್ತೆ? ಇನ್ನೊಬ್ಬ ಬರ್ತಾನೆ. ಮುಂದಿನ ವರ್ಷ ಅವನೇ. ನನ್ನ ಹೆಸರು ಯಾರಿಗೆ ನೆನಪಿರತ್ತೆ? ನೀವು ಬರೀಬೇಡಿ, ನಾನು ಹೇಳಲ್ಲ. ಖೈರ್ ದೇ."

"ಈ ಖೈರ್ ದೇ ಅಂದ್ರೆ ಏನೋ? ಚೆನ್ನಾಗಿದೀನಿ ಅಂತಲೋ, ಹೋದ್ರೆ ಹೋಗ್ಲಿ ಅಂತಲೋ?"

"ಎರಡೂ," ಅಂದ.

ಚಹಾ ತರಿಸಿದೆ, ಇಬ್ಬರೂ ಕುಡಿಯಲಿಲ್ಲ. ಅವನು ಹೋದ ಮೇಲೆ ನೋಡಿದರೆ ನೋವಿನ ಜಾಗದಲ್ಲಿ ನಾನು ಏನೂ ಬರೆದೇ ಇರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಖಾಲಿ ಬಿಟ್ಟದ್ದು ಇದೇ ಮೊದಲು.

ಜನವರಿ 21, ಮಂಗಳವಾರ

ನಬೀಲ್ ಸೆಮಿಫೈನಲ್ಲಿನ ಪೋಸ್ಟರ್ ತೋರಿಸಿದ. ಇಡೀ ಪೋಸ್ಟರಿಗೆ ಸಬಾವೂನ್, ಗಾಳಿಯಲ್ಲಿ, ಬೆನ್ನು ಬಿಲ್ಲಿನ ಹಾಗೆ. ಬಿಲ್ಲು ಎಲ್ಲಿ ಮುರಿಯುತ್ತದೆಂದು ನಾನು ಪೆನ್ನಿನಿಂದ ಗುರುತು ಹಾಕಬಲ್ಲೆ.

ಊಟವಿಲ್ಲ.

ಜನವರಿ 22, ಬುಧವಾರ

ಬೆಳಿಗ್ಗೆ ಎದ್ದ ಕೂಡಲೇ ಮಾಡಿ ಮುಗಿಸಿದೆ. ಅರ್ಧ ಗಂಟೆಯ ಕೆಲಸ.

ಹೊಸ ಹಾಳೆ. 'ಹೆಚ್ಚುವರಿ ಗುರಿ ಅಭ್ಯಾಸ, ಸಂಜೆ, ಒಳಾಂಗಣ ನೆಟ್ಸ್, ಸಿಮೆಂಟ್ ನೆಲ. ಪಟ್ಟಿ ಕಟ್ಟಿರಲಿಲ್ಲ. ಫಿಸಿಯೋ ತಹಮೀನಾ ಅವರ ಸೂಚನೆಯಂತೆ, ಅವರ ಎದುರಿಗೇ.' ಜನವರಿ ಮೂರು, ಐವತ್ತನಾಲ್ಕು. ಹತ್ತು, ಅರವತ್ತು. ಹದಿನೇಳು, ಅರವತ್ತನಾಲ್ಕು. ಒಟ್ಟು ನೂರ ಎಪ್ಪತ್ತೆಂಟು. ಕೆಳಗೆ ಸಹಿ.

ಎಸೆತದ ಲೆಕ್ಕ ಪೂರ್ತಿ ಸರಿ. ನೆಲವೂ ಸರಿ. ಎಲ್ಲಿ, ಯಾರ ಮಾತಿನಂತೆ ಅನ್ನುವುದು ಬೆನ್ನಿಗೆ ಬೇಕಿಲ್ಲದ ವಿಷಯ.

ಹಾಳೆ ಪರದೆಗೆ ಹೋಗಲು ಹೆನ್ನಿಯ ಸಹಿಯೂ ಬೇಕು. ಅವನ ಕೋಣೆಗೆ ಹೋದೆ. ಓದಿದ. ಮತ್ತೊಮ್ಮೆ ಓದಿದ. ಇವನು ಒಂದು ಎಸೆತ ಹೆಚ್ಚು ಕಡಿಮೆಯಾದರೂ ಸಹಾಯಕರನ್ನು ಬೀದಿಗೆ ನಿಲ್ಲಿಸುವವನು.

"ನೀವು ಇದನ್ನ ಮಾಡಿಸಿದ್ರಿ," ಅಂದ.

"ಹೌದು."

"ನನಗೆ ಹೇಳದೆ."

"ಹೌದು."

"ನೀವು. ನನ್ನ ಹುಡುಗರು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದ್ರೂ ನನಗೆ ಕಾಗದ ಬರೆಯೋರು."

ಅವನು ಪೆನ್ನಿನ ತುದಿಯಿಂದ ಎರಡನೇ ಸಾಲನ್ನು ತಟ್ಟಿದ.

"ಹತ್ತನೇ ತಾರೀಕು ಸಂಜೆ ಒಳಗಿನ ನೆಟ್ಸ್‌ಗೆ ಬೀಗ ಹಾಕಿತ್ತು. ನೀರಿನ ಪೈಪು ಒಡೆದಿತ್ತು." ನನ್ನ ಕಡೆ ನೋಡಲಿಲ್ಲ. "ಹನ್ನೊಂದು ಅಂತ ತಿದ್ದಿ. ತಿದ್ದಿದ ಹಾಗೆ ಕಾಣಬಾರದು, ಬೇರೆ ಹಾಳೇಲಿ ಬರೀರಿ."

ಬರೆದೆ. ಸಹಿ ಹಾಕಿದ. ಪರದೆಯಲ್ಲಿ ಹುಡುಗನ ಹೆಸರು ಮೊದಲ ವಾರ ಹಳದಿ, ಎರಡನೇ ವಾರ ಕೆಂಪು, ಮೂರನೇ ವಾರ ದಾಳಿಂಬೆಯ ಬಣ್ಣವಾಯಿತು.

ಜನವರಿ 23, ಗುರುವಾರ

ನಬೀಲ್ ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು.

"ಈ ಎಸೆತಕ್ಕೆ ಯಾರು ಒಪ್ಪಿಗೆ ಕೊಟ್ಟಿದ್ದು?"

"ನಾನೇ."

"ಆರು ವರ್ಷದಿಂದ ನನ್ನ ತಲೆ ತಿಂತಿದೀರಿ. ಮುನೀಬ್ ಅಂತೆ, ಸೂಜಿಯಂತೆ, ಹಾಳೆಯಂತೆ. ಈಗ ನೀವೇ ಒಬ್ಬ ಹುಡುಗನ ಬೆನ್ನು..." ಮಾತು ಮುಗಿಸಲಿಲ್ಲ. "ಪೋಸ್ಟರು ಅಚ್ಚಾಗಿದೆ ದೊಕ್ತೋರಾ."

"ಸ್ಕ್ಯಾನ್ ಮಾಡಿಸಿ. ಕೆಂಪಾಗಿದಾನೆ, ವಿಮೆಯವರು ಕೊಡಲೇಬೇಕು. ಆಡಿಸಿದರೆ ನಾನೇ ಪತ್ರಿಕೆಗೆ ಹೋಗ್ತೀನಿ."

"ಏನಂತ ಹೋಗ್ತೀರಿ? ನಿಮ್ಮ ತಪ್ಪಿನ ಮೇಲೆ ನೀವೇ ದೂರು ಕೊಡ್ತೀರಾ?"

"ಕೊಡ್ತೀನಿ," ಅಂದೆ.

ಕನ್ನಡಕ ತೆಗೆದು ಮೂಗಿನ ಬೇರು ಒತ್ತಿಕೊಂಡ. ಸ್ಕ್ಯಾನಿಗೆ ಸಹಿ ಹಾಕಿದ. ಆಮೇಲೆ, ನನ್ನ ಕೊಠಡಿಯ ಕೀಲಿ ಕೇಳಿದ.

ಸಬಾವೂನ್ ಮೆಟ್ಟಿಲ ಬಳಿ ನಿಂತಿದ್ದ. "ಸೆಮಿಫೈನಲ್ ಕಿತ್ಕೊಂಡ್ರಿ," ಅಂದ. ಆಪಾ ಅನ್ನಲಿಲ್ಲ.

ಜನವರಿ 25, ಶನಿವಾರ

ಮನೆಯಲ್ಲಿ ಟೀವಿ ಹಾಕಲಿಲ್ಲ. ಪಕ್ಕದ ಮನೆಯ ಸದ್ದಿನಿಂದಲೇ ಸೋತೆವೆಂದು ತಿಳಿಯಿತು.

ಸ್ಕ್ಯಾನಿನ ಫಲಿತಾಂಶ ನನಗೆ ಕಳಿಸುವಂತಿಲ್ಲ. ಹೆನ್ನಿ ಕಳಿಸಿದ ಸಂದೇಶದಲ್ಲಿ ಹೆಸರಿಲ್ಲ, ಮುನ್ನುಡಿಯಿಲ್ಲ: 'ಎಡಭಾಗ, ಮೂಳೆಯೊಳಗೆ ಬಾವು. ಬಿರುಕು ಇಲ್ಲ. ಹನ್ನೆರಡು ವಾರ ಚೆಂಡು ಮುಟ್ಟಬಾರದು. ಒಪ್ಪಂದ ಹಾಗೇ ಇದೆ.'

ಬಿರುಕು ಇಲ್ಲ. ಹತ್ತು ಸಲ ಓದಿದೆ. ಆಮೇಲೆ ಎರಡು ರೊಟ್ಟಿ ತಿಂದೆ, ನಿನ್ನೆಯ ಬೇಳೆಯ ಜೊತೆ.

ಜನವರಿ 28, ಮಂಗಳವಾರ

ಝರ್ವಲೀ ಫೋನ್ ಮಾಡಿದ್ದ. ಹುಡುಗ ಅವನ ಮೇಲೂ ಮುನಿಸಿಕೊಂಡಿದ್ದಾನಂತೆ. "ನಿಮ್ಮನ್ನೂ ಬೈತಾನೆ, ನನ್ನನ್ನೂ ಬೈತಾನೆ. ಆದ್ರೆ ಮಲಗಿಕೊಂಡೇ ಬೈತಾನೆ ಆಪಾ, ಏಳಲ್ಲ," ಅಂದ. ಒಳ್ಳೆಯದು. ಮಲಗಿಯೇ ಬೈಯಲಿ. ಮೊಣಕಾಲ ಕೆಳಗೆ ದಿಂಬು ಇಡಬೇಕು ಅಂತ ಹೇಳಿದೆ. ಒಂದಲ್ಲ, ಎರಡು.

ಮಧ್ಯಾಹ್ನ ನಬೀಲನ ಕಚೇರಿಯಿಂದ ಪತ್ರ ಬಂತು. ದಪ್ಪ ಕಾಗದ, ಚಿನ್ನದ ಬಣ್ಣದ ಮುದ್ರೆ. 'ವೃತ್ತಿಪರ ನಿರ್ಲಕ್ಷ್ಯದ ಕಾರಣ ತಮ್ಮ ಸೇವೆಯನ್ನು ಇಂದಿನಿಂದ ಕೊನೆಗೊಳಿಸಲಾಗಿದೆ.' ಅದು ಬರುತ್ತದೆಂದು ಗೊತ್ತಿತ್ತು. ಆದರೆ ಮುಂದಿನ ಸಾಲು ಓದಿ ರಕ್ತ ಕುದಿಯಿತು. 'ತಮ್ಮ ಸೂಚನೆಯಂತೆ ಆಟಗಾರನು ಹಾಕಿದ ನೂರ ಎಂಬತ್ತೇಳು ಎಸೆತಗಳು...'

ನೂರ ಎಂಬತ್ತೇಳು! ಇಷ್ಟು ದೊಡ್ಡ ಕಚೇರಿ, ಇಷ್ಟು ಜನ ಗುಮಾಸ್ತರು, ಒಂದು ಅಂಕಿಯನ್ನು ನೆಟ್ಟಗೆ ನಕಲು ಮಾಡಲು ಬರುವುದಿಲ್ಲ. ನಾಳೆ ಇನ್ಯಾರೋ ಫಿಸಿಯೋ ಈ ಕಾಗದ ನೋಡಿಯೇ ಹುಡುಗನ ಲೆಕ್ಕ ಶುರು ಮಾಡುತ್ತಾನೆ. ಈ ದೇಶದಲ್ಲಿ, ಈ ಆಟದಲ್ಲಿ, ಕಾಗದದ ಮೇಲೆ ನಿಜ ಬರೆಯುವವರು ಒಬ್ಬರೂ ಉಳಿದಿಲ್ಲವೇ?

ಉತ್ತರ ಬರೆದಿಟ್ಟಿದ್ದೇನೆ. ನಾಳೆ ಬೆಳಿಗ್ಗೆ ನಾನೇ ಹೋಗಿ ಕೊಟ್ಟು, ತಿದ್ದಿಸಿಕೊಂಡೇ ಬರುತ್ತೇನೆ. ನೂರ ಎಪ್ಪತ್ತೆಂಟು. ವೈಡು ಸೇರಿ.